ಮುಚ್ಚಳದೊಳಗಿನ ಹನಿ

ಹಾಬೊಮಾಯಿ,
೨೩ ಜುಲೈ ೧೯೫೮

ನಮಿಯೆ,

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಬೈಗುಳ. ಎರಡನ್ನೂ ಓದು. ಬೈಗುಳ ಶುರುವಾಯಿತೆಂದು ಕಾಗದವನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಬೇಡ. ಈ ತಿಂಗಳು ಮುಗಿಯುವುದರೊಳಗೆ ನೀನು ಮಾಡಲೇಬೇಕಾದ ಕೆಲಸವೊಂದು ಇದರಲ್ಲಿದೆ.

ನಿನ್ನ ಕಾಗದ ಎಂಟನೇ ತಾರೀಕು ಕೈಸೇರಿತು. ಕಡಲಸೊಪ್ಪಿನ ಕಾಲ, ಕೈಯೆಲ್ಲ ಲೋಳೆ. ಒರೆಸಿಕೊಂಡು, ದೋಣಿಯ ಅಂಚಿನ ಮೇಲೆ ಕೂತು ಓದಿದೆ. ಕುನಿಹಿಕೊ ನಿನ್ನನ್ನೇ ಮದುವೆಯಾಗುತ್ತೇನೆಂದು ತನ್ನ ಮನೆಯಲ್ಲಿ ಹೇಳಿದ್ದಾನೆ ಎಂಬಲ್ಲಿಗೆ ಬಂದಾಗ ಒಬ್ಬಳೇ ನಕ್ಕೆ. ಕಾರ್ಖಾನೆಯಲ್ಲಿ ಕೂತು ರೇಡಿಯೊಗೆ ತಂತಿ ಬೆಸೆಯುವ ಹುಡುಗಿಯನ್ನು, ಆ ರೇಡಿಯೊಗಳನ್ನು ಅಮೆರಿಕಕ್ಕೆ ಮಾರುವ ಕಂಪನಿಯ ಹುಡುಗ ಮೆಚ್ಚಿದ್ದಾನೆ. ಬರುವ ವಸಂತದಲ್ಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸುತ್ತಾರೆ, ನೀನೂ ಹೋಗುತ್ತೀ ಎಂದು ಓದಿದಾಗಲೂ ಖುಷಿಯೇ ಆಯಿತು. ಆಮೇಲೆ ಪುಟ ತಿರುಗಿಸಿದೆ.

ನಿನ್ನಪ್ಪ ಸತ್ತುಹೋದರು ಎಂದು ಆ ಮನೆಯವರಿಗೆ ಹೇಳಿಬಿಟ್ಟಿದ್ದೀಯ. ಯುದ್ಧದ ಕೊನೆಯ ವರ್ಷ, ಹಡಗು ಮುಳುಗಿ. ಹೇಳಿದ್ದೂ ಅಲ್ಲದೆ, ಅದಕ್ಕೆ ತಕ್ಕಂತೆ ಇಲ್ಲಿ ಮನೆ ಸಿದ್ಧಮಾಡಬೇಕೆಂದು ನನಗೆ ಬರೆದಿದ್ದೀಯ. ಹುಡುಗನ ಕಡೆಯವರು ವಿಚಾರಿಸಲು ಒಬ್ಬನನ್ನು ಕಳಿಸುತ್ತಾರೆ, ಅವನು ಯಾವ ವೇಷದಲ್ಲಿ ಬರುತ್ತಾನೋ ಗೊತ್ತಿಲ್ಲ. ಅಷ್ಟರೊಳಗೆ ಅಪ್ಪನ ಫೋಟೊಗೆ ಕಪ್ಪು ಪಟ್ಟಿ ಹಾಕಿ ಸತ್ತ ಹಿರಿಯರ ಗೂಡಿನಲ್ಲಿ ಇಡು ಎಂದಿದ್ದೀಯ. ಊದುಬತ್ತಿ ಹಚ್ಚಿಡು. ದಿನಾ ಅಪ್ಪನಿಗೆಂದು ಬಡಿಸಿಡುವ ಅನ್ನದ ಬಟ್ಟಲನ್ನು ಅವರ ಜಾಗದಿಂದ ಎತ್ತಿ ಗೂಡಿನ ಮುಂದೆ ಇಟ್ಟು, ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸು.

ನೀನು ಬರೆದ ಸಾಲು ಇದು, ನಾನು ಸೇರಿಸಿದ್ದಲ್ಲ. ನಿನ್ನ ಅಕ್ಷರ ಈಗ ಬಹಳ ದುಂಡಗಾಗಿದೆ. ಅಷ್ಟು ದುಂಡಗಿನ ಅಕ್ಷರದಲ್ಲಿ ಅಂಥ ಮಾತನ್ನು ಬರೆಯಲು ನಿನಗೆ ಕೈ ಹೇಗೆ ಬಂತೋ.

ಊರಿಗೆ ಹೋದವರಿಗೆ, ಕಡಲಿಗೆ ಹೋದವರಿಗೆ, ಎಲ್ಲೋ ಕೂಡಿಹಾಕಿಸಿಕೊಂಡು ಬರಲಾಗದೆ ಇರುವವರಿಗೆ ಮನೆಯಲ್ಲಿ ತಟ್ಟೆ ಇಡುತ್ತೇವೆ. ಅಲ್ಲಿ ಅವರಿಗೆ ಹಸಿವಾಗದಿರಲಿ ಎಂದು. ಕಡ್ಡಿಗಳನ್ನು ತಟ್ಟೆಯ ಮುಂದೆ ಅಡ್ಡಕ್ಕೆ ಮಲಗಿಸುತ್ತೇವೆ, ಬಂದವರು ಕೈಗೆತ್ತಿಕೊಂಡು ಉಣ್ಣುವಂತೆ. ಬಟ್ಟಲಿನ ಮುಚ್ಚಳ ತೆಗೆದಾಗ ಒಳಗಡೆ ಹನಿ ಕೂತಿದ್ದರೆ ಆತ ಬದುಕಿದ್ದಾನೆ, ಚೆನ್ನಾಗಿದ್ದಾನೆ. ಕಡ್ಡಿಯನ್ನು ಅನ್ನದಲ್ಲಿ ನಿಲ್ಲಿಸುವುದು ಹೆಣದ ತಲೆದೆಸೆಯಲ್ಲಿ ಮಾತ್ರ. ಇದನ್ನು ನೀನು ಐದು ವರ್ಷದವಳಿದ್ದಾಗ ಕೈಗೆ ಒಂದೇಟು ಕೊಟ್ಟು ಕಲಿಸಿದ್ದೆ. ಏಟು ಸಾಲಲಿಲ್ಲವೆಂದು ಕಾಣುತ್ತದೆ.

ಕಾರಣವನ್ನೂ ಬರೆದಿದ್ದೀಯ. ಅಮೆರಿಕಕ್ಕೆ ಹೋಗುವವರ ಸಂಬಂಧಿಕರಲ್ಲಿ ಕೆಂಪು ಬಣ್ಣದವರು, ಕಮ್ಯುನಿಸ್ಟರು ಯಾರಾದರೂ ಇದ್ದಾರೆಯೇ ಎಂದು ಅಮೆರಿಕದವರ ಕಚೇರಿಯಲ್ಲಿ ಕೆದಕಿ ಕೇಳುತ್ತಾರೆ. ಹುಡುಗನ ಮಾವ ರಷ್ಯನ್ನರ ಜೈಲಿನಲ್ಲಿದ್ದಾನೆ, ಅದೂ ಎರಡನೇ ಸಲ ಎಂದರೆ ಕುನಿಹಿಕೊನ ಕಾಗದಪತ್ರಕ್ಕೆ ಮುದ್ರೆ ಬೀಳುವುದಿಲ್ಲ. ಬದುಕಿರುವ ಅಪ್ಪನಿಗಿಂತ ಸತ್ತ ಅಪ್ಪ ಸಲೀಸಾಗಿ ಅಮೆರಿಕಕ್ಕೆ ದಾಟುತ್ತಾನೆ, ಇಷ್ಟು ತಾನೇ? ಕೊನೆಯಲ್ಲಿ ಇನ್ನೊಂದು ಮಾತು: ಈಗ ಯುದ್ಧಾನಂತರದ ಕಾಲ ಮುಗಿಯಿತು ಅಮ್ಮ, ಸರ್ಕಾರವೇ ವರದಿಯಲ್ಲಿ ಬರೆದಿದೆ, ನೀನೊಬ್ಬಳು ಇನ್ನೂ ಅಲ್ಲೇ ನಿಂತಿದ್ದೀಯ.

ಸರ್ಕಾರ ಬರೆದಿದ್ದರೆ ಸಂತೋಷ. ಟೋಕಿಯೊದಲ್ಲಿ ಕಬ್ಬಿಣದ ಗೋಪುರ ಏಳುತ್ತಿದೆಯಂತೆ, ಎಲ್ಲರ ಮನೆಗೂ ಬಟ್ಟೆ ಒಗೆಯುವ ಯಂತ್ರ ಬರುತ್ತದಂತೆ. ಬರಲಿ. ಆದರೆ ಯುದ್ಧ ಮುಗಿದ ಸುದ್ದಿಯನ್ನು ಈ ಕಡಲಿಗೆ ಇನ್ನೂ ಯಾರೂ ಹೇಳಿಲ್ಲ. ನಮ್ಮ ಅಂಗಳದಲ್ಲಿ ನಿಂತರೆ ನಾವು ಹುಟ್ಟಿ ಬೆಳೆದ ಸುಯಿಶೊ ದ್ವೀಪ ಇಂದಿಗೂ ಕಾಣುತ್ತದೆ. ಹೆಚ್ಚು ದೂರವಿಲ್ಲ, ದೋಣಿಗೆ ಒಂದು ಗಂಟೆಯ ದಾರಿ. ಅಲ್ಲಿ ನಮ್ಮ ಬಾವಿಯಿದೆ, ನಿನ್ನ ಅಜ್ಜನ ಸಮಾಧಿಯಿದೆ, ರಷ್ಯನ್ ಸಿಪಾಯಿಗಳಿದ್ದಾರೆ. ಎರಡು ವರ್ಷದ ಹಿಂದೆ ಮಾಸ್ಕೊದಲ್ಲಿ ಸಹಿಯಾಗಿ, ನಮ್ಮ ದ್ವೀಪ ವಾಪಸ್ಸು ಬರುತ್ತದೆಂದು ರೇಡಿಯೊ ಹೇಳಿದಾಗ ಊರವರೆಲ್ಲ ಸಾಕೆ ಕುಡಿದು ಕುಣಿದರು. ಆಮೇಲೆ ಅಮೆರಿಕದವರು ಕಣ್ಣು ಕೆಂಪಗೆ ಮಾಡಿದರಂತೆ, ರಷ್ಯದವರು ಮುಖ ತಿರುಗಿಸಿದರಂತೆ, ನಮ್ಮವರು ಇಬ್ಬರ ಮುಖವನ್ನೂ ನೋಡುತ್ತಾ ನಿಂತರಂತೆ. ನಮ್ಮ ಬಾವಿ ಮಾತ್ರ ಇದ್ದಲ್ಲೇ ಇದೆ.

ನಿನ್ನಪ್ಪ ಏನು ತಪ್ಪು ಮಾಡಿದರು ಎಂಬುದು ನಿನಗೆ ಮರೆತಿದ್ದರೆ ಮತ್ತೆ ಹೇಳುತ್ತೇನೆ. ತಮ್ಮಪ್ಪ ಸೊಪ್ಪು ಕೀಳುತ್ತಿದ್ದ ಜಾಗದಲ್ಲಿ ತಾವೂ ಸೊಪ್ಪು ಕಿತ್ತರು. ಅಷ್ಟೇ. ನೀರಿನ ಮೇಲೆ ಗೆರೆ ಎಳೆದವರು ಅದನ್ನು ಸೊಪ್ಪಿಗೆ ತೋರಿಸಿರಲಿಲ್ಲ.

ಐದು ವರ್ಷದ ಹಿಂದೆ ಮೊದಲ ಸಲ ಹಿಡಿದೊಯ್ದಾಗ ನೀನು ಇಲ್ಲೇ ಇದ್ದೆ. ಐದು ತಿಂಗಳು ಕೂಡಿಹಾಕಿ ಬಿಟ್ಟರು. ಅಲ್ಲಿ ಒಬ್ಬ ಅಧಿಕಾರಿ ದಿನಾ ಸಿಗರೇಟು ಕೊಟ್ಟು ಕೇಳುತ್ತಿದ್ದನಂತೆ: ನಿಮ್ಮೂರ ಗುಡ್ಡದ ಮೇಲೆ ಅಮೆರಿಕದವರ ರೇಡಾರ್ ಇದೆಯಲ್ಲ, ಅಲ್ಲಿ ಎಷ್ಟು ಜನ ಇದ್ದಾರೆ, ಕಿವಿಯಂಥ ತಟ್ಟೆಗಳು ಎಷ್ಟು, ಯಾವ ಕಡೆಗೆ ತಿರುಗುತ್ತವೆ, ಹೇಳುತ್ತಿರು, ನಿನ್ನ ದೋಣಿಯನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಬಿಡುಗಡೆಯಾಗಿ ಬಂದ ಎರಡು ವಾರಕ್ಕೆ ಗುಡ್ಡದ ಮೇಲಿಂದ ಇಳಿದು ಬಂದ ಉದ್ದನೆಯ ಅಮೆರಿಕದವನು ನೆನಪಿದ್ದಾನಲ್ಲ? ಅವನ ಜೊತೆಗೆ ನಮ್ಮವರ ಹಾಗೇ ಕಾಣುವ ದುಭಾಷಿ, ಮಾತು ಮಾತ್ರ ಹಿರೋಶಿಮಾ ಕಡೆಯ ಮುದುಕಿಯ ಹಾಗೆ. ನೀನು ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅವರು ಕಾಫಿ ಡಬ್ಬಿ ಮುಂದಿಟ್ಟು ಕೇಳಿದ್ದೂ ಅದನ್ನೇ. ರಷ್ಯನ್ನರ ಬಂದರಿನಲ್ಲಿ ಎಷ್ಟು ಹಡಗಿದ್ದವು, ಯಾವ ಕಡೆಗೆ ಮುಖ ಮಾಡಿದ್ದವು, ಚಿತ್ರ ಬರೆದುಕೊಡು.

ನಿನ್ನಪ್ಪ ಆ ಡಬ್ಬಿಯನ್ನು ಎರಡು ಕೈಯಿಂದ ಹಿಂದಕ್ಕೆ ಸರಿಸಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಸ್ವಾಮಿ, ಅಲ್ಲೂ ಎಣಿಸು ಅಂದ್ರು, ಇಲ್ಲೂ ಎಣಿಸು ಅಂತೀರಿ. ನಾನು ಸೊಪ್ಪು ಕೀಳೋನು. ನಂಗೆ ಎಣಿಸೋಕೆ ಬರೋದು ಸೊಪ್ಪಿನ ಕಟ್ಟು ಮಾತ್ರ. ಅದು ಬೇಕಿದ್ರೆ ಎಣಿಸಿ ಹೇಳ್ತೀನಿ."

ಅಂದಿನಿಂದ ಗುಡ್ಡದವರ ಪುಸ್ತಕದಲ್ಲಿ ನಿನ್ನಪ್ಪ ಕೆಂಪು. ಆ ಕಡೆಯವರ ಪುಸ್ತಕದಲ್ಲಿ ಗುಡ್ಡದ ಮೇಲಿನವರ ಬಂಟ. ನಮ್ಮ ಊರಿನ ಕೆಲವರ ದೋಣಿಗಳನ್ನು ರಷ್ಯನ್ನರ ಕಾವಲು ಹಡಗು ಕಂಡರೂ ಕಾಣದ ಹಾಗೆ ಹೋಗುತ್ತದೆ. ಯಾರವು, ಯಾಕೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕಳೆದ ಆಗಸ್ಟಿನಲ್ಲಿ ಮಂಜು ಇಳಿದ ದಿನ ಹೆಂಗಸರೆಲ್ಲ ದಡದಲ್ಲಿ ಖಾಲಿ ಎಣ್ಣೆ ಪೀಪಾಯಿಗಳನ್ನು ಬಡಿಯುತ್ತಾ ನಿಂತೆವು. ಸದ್ದು ಕೇಳಿ ಒಂದೊಂದೇ ದೋಣಿ ದಡ ಹತ್ತಿತು. ನಿನ್ನಪ್ಪನದು ಬರಲಿಲ್ಲ. ಮಂಜು ಕರಗಿದರೂ ನಾನು ಬಡಿಯುವುದನ್ನು ನಿಲ್ಲಿಸಿರಲಿಲ್ಲ. ನಿನ್ನ ಚಿಕ್ಕಮ್ಮ ಕಿಕುನೊ ಬಂದು ನನ್ನ ಕೈಯಿಂದ ದೊಣ್ಣೆ ಕಿತ್ತುಕೊಂಡಳು.

ಇಬ್ಬರ ಮಾತಿಗೂ ತಲೆಯಾಡಿಸದ ಕಾರಣಕ್ಕೆ ನಿನ್ನಪ್ಪ ಜೈಲಿನಲ್ಲಿ ಕೂತಿದ್ದಾರೆ. ಆ ಮನುಷ್ಯನಿಗೆ ಕಪ್ಪು ಪಟ್ಟಿ ಹಾಕು ಎನ್ನುತ್ತೀಯ. ಹಾಕುವುದಿಲ್ಲ.

ಇನ್ನು ನಿಮ್ಮ ವಿಚಾರಣೆಯವನ ಕಥೆ ಕೇಳು.

ಆತ ಬಂದದ್ದು ಹದಿನೆಂಟನೇ ತಾರೀಕು, ಶುಕ್ರವಾರ. ಬೆಳಗ್ಗೆ ಗೊನ್‌ಪೆಯಿ ಅಜ್ಜ ಗಾಳಿ ಮೂಸಿ ನೋಡಿ, ಕಡಲಿಗಿಳಿಯಬಹುದೆಂದು ಬಿಳಿ ಬಾವುಟ ಏರಿಸಿದ್ದ. ದೋಣಿಗಳು ಹೋಗಿ, ಸೊಪ್ಪು ತುಂಬಿಕೊಂಡು ವಾಪಸ್ಸು ಬಂದಿದ್ದವು. ಗುಂಡುಕಲ್ಲಿನ ನೆಲದ ಮೇಲೆ ನಾವೆಲ್ಲ ಸೊಪ್ಪನ್ನು ಉದ್ದಕ್ಕೆ ಎಳೆದು ಹರಡುತ್ತಿದ್ದೆವು. ನಲವತ್ತರ ಆಸುಪಾಸಿನ ಮನುಷ್ಯ, ಬೂದು ಕೋಟು, ಹೊಳೆಯುವ ಚರ್ಮದ ಬೂಟು. ತನ್ನ ಹೆಸರು ನಗಾನುಮ, ಓಸಾಕಾದ ಸೊಪ್ಪಿನ ವ್ಯಾಪಾರಿ ಎಂದ. ಓಸಾಕಾದ ವ್ಯಾಪಾರಿಗಳು ಸೆಪ್ಟೆಂಬರಿಗೆ ಮುಂಚೆ ಇತ್ತ ತಲೆ ಹಾಕುವುದಿಲ್ಲ. ಹಾಕಿದರೆ ಮೊದಲು ಬುಡ ಮುರಿದು ಬಾಯಿಗೆ ಹಾಕಿ ಅಗಿಯುತ್ತಾರೆ. ಈತ ಸೊಪ್ಪಿನ ತುದಿ ಹಿಡಿದು ಹೆಂಡತಿಯ ಕಿಮೊನೊ ಅಂಚು ನೋಡಿದ ಹಾಗೆ ನೋಡಿದ.

ನಮ್ಮ ದಡದ ರೂಢಿ ನಿನಗೆ ಗೊತ್ತು. ಸೊಪ್ಪು ಹರಡುವಾಗ ಪೂಜಾರಿಯೇ ಬರಲಿ, ಪೊಲೀಸನೇ ಬರಲಿ, ಕೈಕಟ್ಟಿ ನಿಂತವನ ಹೆಗಲಿಗೆ ಒಂದು ಹೊರೆ ಬೀಳುತ್ತದೆ. ನಾನೇ ಹೊರಿಸಿದೆ. "ವ್ಯಾಪಾರಿಗಳೇ, ಒಂದರ ಮೇಲೊಂದು ಬೀಳಬಾರ್ದು, ಬಿದ್ರೆ ಬೆಳ್ಳಗೆ ಬೂಷ್ಟು ಬರುತ್ತೆ. ನಿಮಗೆ ಗೊತ್ತಿರೋದೇ ಅಲ್ವಾ" ಎಂದೆ. ಪಾಪ, ಬೆವರು ಸುರಿಸಿಕೊಂಡು ಹರಡಿದ. ಅವನು ಹರಡಿದ್ದನ್ನೆಲ್ಲ ಹಿಂದಿನಿಂದ ಗೊನ್‌ಪೆಯಿ ಅಜ್ಜ ಸರಿಮಾಡುತ್ತಾ ಬಂದ. ಅಜ್ಜ ನನ್ನ ಹತ್ತಿರ ಬಂದು, "ಇಸೋ, ಇವನನ್ನ ಕಳಿಸಿದೋರಿಗೆ ನಿನ್ ಮಗಳನ್ನ ಕೊಡ್ಬೇಡ. ಆಳು ಆರಿಸೋಕೆ ಬರೋದಿಲ್ಲ ಅವ್ರಿಗೆ" ಎಂದ. ಅಷ್ಟು ಹೊತ್ತಿಗಾಗಲೇ ಇಡೀ ದಡಕ್ಕೆ ಅವನು ಯಾರೆಂದು ಗೊತ್ತಾಗಿತ್ತು.

ಒಣಗಿದ ಸೊಪ್ಪನ್ನು ಒಳಗೆ ಹೊತ್ತು ಹಾಕಿದ ಮೇಲೆ, ಕೈಗೆ ಬೊಬ್ಬೆ ಬಂದಿದೆ, ಚಹಾ ಕುಡಿದು ಹೋಗಿ ಎಂದು ನಾನೇ ಮನೆಗೆ ಕರೆದೆ. ಬೇರೆ ಯಾರ ಬಾಯಿಂದಲೋ ನಿನ್ನಪ್ಪನ ವಿಷಯ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದುಕೊಂಡಿದ್ದೆ. ಹೇಗೆ ಹೇಳಬೇಕೆಂದು ಬೆಳಗಿನಿಂದ ಸೊಪ್ಪಿನ ಜೊತೆಗೆ ಮಾತನ್ನೂ ಹರಡಿಕೊಂಡಿದ್ದೆ. ಬಾಗಿಲು ಸರಿಸಿದೆ.

ಹಿರಿಯರ ಗೂಡಿನ ಮುಂದೆ ಊದುಬತ್ತಿ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ನಿನ್ನಪ್ಪನ ಬಟ್ಟಲು. ಮುಚ್ಚಳ ತೆಗೆದಿತ್ತು. ಅನ್ನ ಆರಿ ಗಟ್ಟಿಯಾಗಿತ್ತು, ಅದರ ನಡುವೆ ಎರಡೂ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಗೂಡಿನ ಪಕ್ಕ ಕಿಕುನೊ ತಲೆ ತಗ್ಗಿಸಿ ಕೂತಿದ್ದಳು.

ಬಂದವನು ಯಾರು, ಮದುವೆ ಯಾರದ್ದು, ಒಂದೂ ನೆನಪಿರಲಿಲ್ಲ. ಕೆರವನ್ನೂ ಬಿಡದೆ ಚಾಪೆಯ ಮೇಲೆ ಓಡಿದೆ. ಕಡ್ಡಿ ಕಿತ್ತು ಮುರಿದು ಒಲೆಗೆ ಹಾಕಿದೆ. ಆ ಅನ್ನವನ್ನು ಹಿತ್ತಲಿಗೆ ಒಯ್ದು ಕಡಲಹಕ್ಕಿಗಳಿಗೆ ಎರಚಿದೆ. ಬಟ್ಟಲನ್ನು ಮೂರು ಸಲ ತೊಳೆದೆ. ಪಾತ್ರೆಯಲ್ಲಿದ್ದ ಅನ್ನವನ್ನು ಬಿಸಿಮಾಡಿ ತುಂಬಿದೆ, ಮುಚ್ಚಳ ಹಾಕಿದೆ. ಮಿಸೊ ಸಾರು, ಮೂಲಂಗಿ ಉಪ್ಪಿನಕಾಯಿ ಇಟ್ಟೆ. ಹೊಸ ಕಡ್ಡಿಗಳನ್ನು ಅಡ್ಡಕ್ಕೆ ಮಲಗಿಸಿದೆ. ತಟ್ಟೆಯನ್ನು ಒಲೆಯ ಪಕ್ಕ ಅವರ ಜಾಗದಲ್ಲಿ, ಕಡಲಿಗೆ ಮುಖ ಮಾಡಿ ಇಟ್ಟೆ. ಆಮೇಲೆ ಉಸಿರು ಬಂತು. ತಿರುಗಿ ನೋಡಿದರೆ ನಿಮ್ಮ ಮನುಷ್ಯ ಹೊಸ್ತಿಲಲ್ಲಿ ಹಾಗೆಯೇ ನಿಂತಿದ್ದಾನೆ.

ಕಿಕುನೊಳನ್ನು ಕೇಳಿದೆ. ಅವಳು ಅಳಲಿಲ್ಲ. "ನಮಿಯೆ ನಂಗೂ ಒಂದು ಕಾಗದ ಬರೆದಿದ್ಲು ಅಕ್ಕಾ. ಅಮ್ಮ ಹಟ ಮಾಡಿದ್ರೆ ನೀವಾದ್ರೂ ಮಾಡಿ ಚಿಕ್ಕಮ್ಮಾ ಅಂತ. ಮಗೂ ಮದುವೆ ಅಲ್ವಾ ಅಂತ ಮಾಡಿದೆ" ಎಂದಳು.

ನಮಿಯೆ, ಉಳಿದದ್ದನ್ನೆಲ್ಲ ಮರೆಯುತ್ತೇನೇನೋ, ಇದನ್ನು ಮರೆಯುವುದಿಲ್ಲ. ಕಿಕುನೊ ಗಂಡ ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ನಿಜವಾಗಿಯೇ ಸತ್ತವನು. ಹದಿನಾಲ್ಕು ವರ್ಷದಿಂದ ಆಕೆ ಗೂಡಿನ ಮುಂದೆ ಅನ್ನ ಇಡುತ್ತಿದ್ದಾಳೆ. ನನ್ನ ಗಂಡನನ್ನು ಸಾಯಿಸಲು ನಿನಗೆ ಬೇರೆ ಯಾರೂ ಸಿಗಲಿಲ್ಲವೇ? ಅವಳ ಕೈ ನಡುಗಿರಲಿಕ್ಕಿಲ್ಲ. ಅವಳಿಗೆ ಆ ಕೆಲಸ ಅಭ್ಯಾಸವಾಗಿಬಿಟ್ಟಿದೆ. ನಾನು ಅವಳನ್ನು ಬೈಯಲಿಲ್ಲ. ಕೂತ್ಕೋ, ಚಹಾ ಕುಡಿ ಎಂದೆ. ಕುಡಿದಳು.

ನಗಾನುಮ ಬೂಟು ಬಿಚ್ಚಿ ಒಳಗೆ ಬಂದು ಮಂಡಿಯೂರಿ ಕೂತ. ಕೋಟಿನಿಂದ ಪುಸ್ತಕ ತೆಗೆದು ನೆಲದ ಮೇಲೆ ಇಟ್ಟು, ತಾನು ವ್ಯಾಪಾರಿಯಲ್ಲ ಎಂದ. ಗೊತ್ತು ಎಂದೆ. ಹೇಗೆ ಎಂದ. ವ್ಯಾಪಾರಿಗಳು ಬೆವರುವುದಿಲ್ಲ ಎಂದೆ. ಕಿಕುನೊ ಕೂಡ ನಕ್ಕಳು.

"ಸತ್ತೋರ ಅನ್ನದಲ್ಲಿ ಕಡ್ಡಿ ನಿಂತಿದ್ರೆ ಯಾರೂ ಹಿಂಗೆ ಓಡೋಲ್ಲ ಅಮ್ಮಾ" ಎಂದು ಆತ ಮೆಲ್ಲಗೆ ಹೇಳಿದ. "ಯಜಮಾನ್ರು ಎಲ್ಲಿದಾರೆ?"

ಹೇಳಿದೆ. ಸಿಗರೇಟು ಕೊಟ್ಟವನನ್ನು ಹೇಳಿದೆ, ಕಾಫಿ ಡಬ್ಬಿ ತಂದವನನ್ನು ಹೇಳಿದೆ, ಮಂಜಿನ ದಿನವನ್ನೂ ಹೇಳಿದೆ. ಬರ್ಕೊಳ್ಳಿ, ಬರ್ಕೊಳ್ಳಿ ಎಂದು ನಾನೇ ಬಾಯಿಬಿಟ್ಟು ಹೇಳಿ ಬರೆಸಿದೆ. ಆತ ಎರಡು ಪುಟ ಬರೆದು ನಿಲ್ಲಿಸಿದ.

"ಇದನ್ನ ಹಿಂಗೇ ಕೊಟ್ರೆ ಮದುವೆ ಮುರೀಬಹುದು. ಹುಡುಗನ ಅಪ್ಪ ಬಿಗಿ ಮನುಷ್ಯ. ಬೇಕಾದ್ರೆ 'ಕಡಲಲ್ಲಿ ಕಾಣೆಯಾಗಿದ್ದಾರೆ' ಅಂತ ಒಂದು ಸಾಲು ಬರೀತೀನಿ. ಸುಳ್ಳೂ ಅಲ್ಲ. ನಿಮ್ಮ ಹುಡುಗಿಗೂ ಒಳ್ಳೇದು, ನಿಮಗೂ ಯಾರನ್ನೂ ಸಾಯಿಸಿದ ಹಾಗಾಗೋಲ್ಲ."

ನಿನಗೆ ಸುಳ್ಳು ಹೇಳುವುದಿಲ್ಲ. ನನ್ನ ಮನಸ್ಸು ಜಾರಿತು. ನೀನು ಬಿಳಿ ಮದುವೆಯುಡುಪಿನಲ್ಲಿ ಕೂತದ್ದು ಕಣ್ಣಿಗೆ ಬಂತು. ಹಡಗಿನ ಮೆಟ್ಟಿಲ ಮೇಲಿಂದ ನೀನು ಕೈಬೀಸುತ್ತಿರುವುದು ಬಂತು. ಈ ದಡದ ಹೆಂಗಸರಲ್ಲಿ ಒಬ್ಬಳಾದರೂ ಲೋಳೆಯಿಲ್ಲದ ಕೈಯಲ್ಲಿ ಬದುಕಲಿ ಎಂದು ನಿನ್ನನ್ನು ಟೋಕಿಯೊಗೆ ಕಳಿಸಿದವಳು ನಾನೇ. ಒಂದು ಸಾಲು. ಕಾಣೆಯಾಗಿದ್ದಾರೆ. ಹೂಂ ಎಂದರೆ ಮುಗಿಯುತ್ತಿತ್ತು.

ಆದರೆ ಆ ತಟ್ಟೆ ಪಕ್ಕದಲ್ಲೇ ಇತ್ತಲ್ಲ. ಗುಡ್ಡದವರು ಅವರನ್ನು ಕೆಂಪು ಎಂದು ಬರೆದುಕೊಂಡರು, ಆ ಕಡೆಯವರು ಗೂಢಚಾರ ಎಂದು ಬರೆದುಕೊಂಡರು. ಈಗ ಮೂರನೆಯವನೊಬ್ಬ ಬಂದು ಕಾಣೆ ಎಂದು ಬರೆಯಲು ನನ್ನ ಅಪ್ಪಣೆ ಕೇಳುತ್ತಿದ್ದಾನೆ. ಮೊದಲಿನ ಇಬ್ಬರು ನನ್ನನ್ನು ಕೇಳಿರಲಿಲ್ಲ. ಈತ ಕೇಳಿದ್ದಾನೆ. ಕೇಳಿದ ಮೇಲೆ ನನ್ನ ಉತ್ತರ ನನ್ನದಾಗಿರಬೇಕು.

"ಜೀವಂತ ಅಂತ ಬರೀರಿ" ಎಂದೆ. "ಹೆಸರು ಜಿನ್ಸಾಕು, ವಯಸ್ಸು ಐವತ್ತೊಂದು, ಸೊಪ್ಪು ಕೀಳೋನು, ಜೀವಂತ. ಇಷ್ಟೇ ಬರೀರಿ. ಮುರಿಯೋ ಮದುವೆ ಆದ್ರೆ ಈಗಲೇ ಮುರೀಲಿ. ಅಲ್ಲಿಗೆ ಹೋಗಿ ಎರಡು ಮಕ್ಕಳಾದ ಮೇಲೆ ಮುರಿಯೋದು ಬೇಡ."

ಆತ ಬರೆದ. ಆಮೇಲೆ ತಟ್ಟೆಯ ಕಡೆ ನೋಡಿ, ಮುಚ್ಚಳ ತೆಗೆಯಬಹುದೇ ಎಂದು ಕೇಳಿದ. ತೆಗೀರಿ ಎಂದೆ. ತೆಗೆದ. ಒಳಗೆ ತುಂಬಾ ಹನಿಗಳು ಕೂತಿದ್ದವು, ನಾಲ್ಕಾರು ಅವನ ಕೈಮೇಲೆ ಬಿದ್ದವು. ಆತ ಅವನ್ನು ಒರೆಸಿಕೊಳ್ಳಲಿಲ್ಲ. ಮುಚ್ಚಳವನ್ನು ಮತ್ತೆ ಹಾಗೇ ಹಾಕಿ, ತಟ್ಟೆಗೆ ತಲೆ ಬಾಗಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು, ವರದಿಯನ್ನು ತಿಂಗಳ ಕೊನೆಯವರೆಗೆ ತನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಅಷ್ಟರಲ್ಲಿ ಹುಡುಗಿಯೇ ಹುಡುಗನಿಗೆ ಹೇಳಿದರೆ ಒಳ್ಳೆಯದು ಎಂದ. ಅವನ ಬೂಟು ಹಾಳಾಗಿತ್ತು. ಉಪ್ಪುನೀರು ಕುಡಿದ ಚರ್ಮ ಮತ್ತೆ ಹೊಳೆಯುವುದಿಲ್ಲ. ನಿನ್ನಪ್ಪನ ರಬ್ಬರು ಬೂಟು ಕೊಡುತ್ತೇನೆ ಎಂದರೆ ಬೇಡವೆಂದ. ಅವರು ಬಂದಾಗ ಬೇಕಾಗುತ್ತದೆ ಎಂದ.

ಇದೇ ನಿನ್ನ ಕೆಲಸ. ಮೂವತ್ತೊಂದರ ಒಳಗೆ ಕುನಿಹಿಕೊನ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ಅವನಿಗೂ ಇದು ಗೊತ್ತಿಲ್ಲವೆಂದು ನಿನ್ನ ಕಾಗದದಲ್ಲೇ ವಾಸನೆ ಹೊಡೆಯುತ್ತಿತ್ತು. ಅವನು ಎದ್ದು ಹೋದರೆ ಹೋಗಲಿ. ಅಳು, ಒಂದು ವಾರ ರಜೆ ಹಾಕಿ ಇಲ್ಲಿಗೆ ಬಾ, ಸೊಪ್ಪು ಹರಡು. ಕೂತೇ ಇದ್ದರೆ, ನಾನು ಅವನಿಗೆ ಅತ್ತೆಯಾಗಲು ಒಪ್ಪಿದ್ದೇನೆಂದು ಹೇಳು. ಅವನ ಅಪ್ಪ ಬಿಗಿ ಮನುಷ್ಯನಂತೆ. ನಿನ್ನಪ್ಪನಿಗಿಂತ ಬಿಗಿಯಿರಲಿಕ್ಕಿಲ್ಲ. ಎರಡು ದೊಡ್ಡ ರಾಜ್ಯಗಳು ಜಗ್ಗಿದರೂ ಸಡಿಲವಾಗದವರು ಅವರು.

ಮದುವೆ ನಡೆದರೆ ನಾನು ಮನೆಲಾಂಛನದ ಕರಿ ಕಿಮೊನೊ ಉಟ್ಟು ಬರುತ್ತೇನೆ. ಹೆಣ್ಣಿನ ಅಪ್ಪ ಕೂರುವ ಜಾಗದಲ್ಲಿ, ನನ್ನ ಪಕ್ಕ, ಒಂದು ತಟ್ಟೆ ಇರಬೇಕು. ಬಟ್ಟಲನ್ನು ನಾನೇ ತರುತ್ತೇನೆ. ಸಿಪಾಯಿಗಳು ಬಂದಾಗ ದ್ವೀಪದಿಂದ ಹೊರಟೆವಲ್ಲ, ಆಗ ಒಂಬತ್ತು ವರ್ಷದವಳು, ದೋಣಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪನ ಬಟ್ಟಲು ಒಡೆಯಬಾರದೆಂದು ಇಡೀ ದಾರಿ ಅಲುಗಾಡದೆ ಕೂತಿದ್ದವಳು ನೀನು. ಅದಕ್ಕೆ ಬಿಸಿ ಅನ್ನ ಬಡಿಸುವ ಏರ್ಪಾಡು ನಿನ್ನದು. ಬಂದವರು ಯಾರ ತಟ್ಟೆ ಎಂದು ಕೇಳಿದರೆ ನಾನು ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ಇದಾಗದಿದ್ದರೆ ಮದುವೆ ಮಾಡಿಕೋ, ಚೆನ್ನಾಗಿರು, ನಾನು ಬರುವುದಿಲ್ಲ.

ಬೈಗುಳ ಮುಗಿಯಿತು. ಆಶೀರ್ವಾದ ಇದು: ನಿನ್ನ ಮನೆಯ ಒಲೆ ಆರದಿರಲಿ. ನಿನ್ನ ಗಂಡ ಕೆಲಸಕ್ಕೆ ಹೋದ ದಾರಿಯಲ್ಲೇ ಸಂಜೆ ಮನೆಗೆ ಬರಲಿ. ನಿನಗೆ ಯಾರ ತಟ್ಟೆಯನ್ನೂ ಖಾಲಿ ಜಾಗದ ಮುಂದೆ ಇಡುವ ಕಾಲ ಬಾರದಿರಲಿ. ಬಂದರೆ, ಕಡ್ಡಿಯನ್ನು ಅಡ್ಡಕ್ಕೆ ಮಲಗಿಸು.

ನಿನ್ನ ಅಮ್ಮ,
ಜಿನ್ಸಾಕುವಿನ ಹೆಂಡತಿ,
ಇಸೋ

ಮರೆತಿದ್ದು: ಮರೆತಿದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಬಿಡುಗಡೆಯಾದವರನ್ನು ಕರೆತರುವ ಹಡಗು ಹದಿನೈದನೇ ತಾರೀಕು, ಮಂಗಳವಾರ, ಬಂದಿತ್ತು. ನಿಮ್ಮ ವಿಚಾರಣೆಯವನು ಬರುವುದಕ್ಕೆ ಮೂರು ದಿನ ಮೊದಲು. ಹನ್ನೊಂದು ಜನ ಇಳಿದರು. ನಿನ್ನಪ್ಪ ಇಳಿಯಲಿಲ್ಲ. ಅವರಲ್ಲಿ ಒಬ್ಬ, ಫೆಬ್ರವರಿಯಲ್ಲಿ ಜಿನ್ಸಾಕು ಕೆಮ್ಮುತ್ತಾ ಮಲಗಿದ್ದನ್ನು ನೋಡಿದ್ದೆ, ಆಮೇಲೆ ಎಲ್ಲಿಗೋ ಎತ್ತಿಕೊಂಡು ಹೋದರು ಎಂದ. ಎಲ್ಲಿಗೆ ಎಂದು ನಾನು ಕೇಳಿದಾಗ ನನ್ನ ಮುಖ ನೋಡಲಿಲ್ಲ. ಕಿಕುನೊ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ಕಡ್ಡಿ ನಿಲ್ಲಿಸಿದ್ದು ನಿನ್ನ ಕಾಗದಕ್ಕಾಗಿ ಮಾತ್ರ ಅಲ್ಲವೆಂದು ನನಗೆ ಗೊತ್ತು. ಅದಕ್ಕೇ ಅವಳನ್ನು ಬೈಯಲಿಲ್ಲ. ಇನ್ನು ಆ ಹನಿಗಳ ವಿಷಯ. ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದರೆ ಹನಿ ಕೂತೇ ಕೂರುತ್ತದೆ, ಮೂವತ್ತು ವರ್ಷ ಅಡುಗೆ ಮಾಡಿದವಳಿಗೆ ಅಷ್ಟು ಗೊತ್ತಿಲ್ಲವೇ ಮಗಳೇ. ಆದ್ದರಿಂದಲೇ ದಿನಾ ಅನ್ನವನ್ನು ಬಿಸಿಬಿಸಿಯಾಗಿ ಬಡಿಸುತ್ತೇನೆ.